ಮೆಣಸಿನಕಾಯಿ ಹೊಲದಾಗ ಉಳಿದ ಪ್ರಶ್ನೆ
(ರಜತ ಮಹೋತ್ಸವದಲ್ಲಿ ಮಾಡಿದ ಭಾಷಣ)



"ಎಲ್ಲಾ ಕಂಡುಹಿಡಿದು ಮುಗದೈತಿ, ನಮಗೇನು ಉಳದೈತ್ರಿ?" ಅಂತ ಹುಡುಗರು ಕೇಳ್ತಾರ. ನಮ್ಮ ಬ್ಯಾಡಗಿ ಮೆಣಸಿನಕಾಯಿ ಹೊಲಕ್ಕೇ ಬರ್ರಿ. 2015ರಲ್ಲಿ ಬೆಂಗಳೂರಿನ ಪಪ್ಪಾಯಿ ಗಿಡದ ಮೇಲೆ ಒಂದು ಕರಿ ಥ್ರಿಪ್ಸ್ ನುಸಿ ಭಾರತದಲ್ಲೇ ಮೊದಲ ಬಾರಿ ಪತ್ತೆಯಾಯಿತು. ಎಳ್ಳಿಗಿಂತ ಸಣ್ಣದು. 2021ರಲ್ಲಿ ಅದೇ ನುಸಿ ದಕ್ಷಿಣದ ರಾಜ್ಯಗಳಲ್ಲಿ ಮೆಣಸಿನ ಹೂವಿನೊಳಗೆ ಹೊಕ್ಕು ಬೆಳೆ ಕೆಡಿಸಿತು. ನಾನೂ ಔಷಧ ಹೊಡೆದದ್ದೇ ಬಂತು. ಅಂಗಡಿ ಬಾಕಿ ಮಾತ್ರ ಉಳೀತು.

ಆದರೆ ಒಂದು ಮಾತು. ಒಂದೇ ಸಾಲಿನಲ್ಲಿ ಹತ್ತು ಗಿಡ ಮುಟುರಿದರೂ ಹನ್ನೊಂದನೆಯದು ಹಸುರಾಗಿ ನಿಂತಿತ್ತು. ಬೀಜದ ಗುಣವೋ, ಮಣ್ಣಿನದೋ, ನುಸಿಯನ್ನು ತಿನ್ನುವ ಮತ್ತೊಂದು ಹುಳವೋ? ಡಬ್ಬಿ, ಕಡ್ಡಿ ಅಂತ ಬೀಜ ಆರಿಸಿದ ಹಿರಿಯರು ಪದವೀಧರರಲ್ಲ, ಗಿಡ ನೋಡುವ ಕಣ್ಣಿತ್ತು. ನಿಮಗೆ ಹನುಮನಮಟ್ಟಿಯ ಕೃಷಿ ಕಾಲೇಜು ಹತ್ತಿರವೇ ಐತಿ.

ಆ ಗಿಡದ ಬೀಜ ಬೇರೆ ಗಂಟು ಕಟ್ಟಿ ಇಟ್ಟೀನಿ. ಯಾರು ಒಯ್ತೀರಿ?