ಮದುವೆಗೆ ವಾದ್ಯವೋ, ಡಿಜೆಯೋ?

ಮಾಟುಂಗದಿಂದ ಡೊಂಬಿವಲಿಯವರೆಗೆ ನಮ್ಮವರ ಮದುವೆ ಮಾತುಕತೆಯಲ್ಲಿ ಏಳುವ ಪ್ರಶ್ನೆ ಇದು. ಹಿರಿಯರಿಗೆ ವಾದ್ಯ ಬೇಕು, ಮಕ್ಕಳಿಗೆ ಕುಣಿತ ಬೇಕು, ಖರ್ಚು ನೋಡುವವರಿಗೆ ಎರಡರಲ್ಲಿ ಒಂದು ಸಾಕು!

ಮುಹೂರ್ತದ ಹೊತ್ತನ್ನು ನೆನೆಯಿರಿ. ಪುರೋಹಿತರು ಕೈ ಎತ್ತಿ ‘ಗಟ್ಟಿಮೇಳ’ ಎಂದೊಡನೆ ಡೋಲು ಏರಬೇಕು. ಮಂತ್ರ ಶುರುವಾದರೆ ತಗ್ಗಬೇಕು. ಮದುಮಗನ ಕೈಯಲ್ಲಿ ಕರಿಮಣಿಯ ಗಂಟು ತಡವಾದರೆ ಮೇಳವೂ ಅಷ್ಟು ಹೊತ್ತು ಕಾಯುತ್ತದೆ. ರೆಕಾರ್ಡಿಗೆ ಆ ಕಣ್ಣಿಲ್ಲ.

ಹಾಗೆಂದು ಹೊಸದೆಲ್ಲ ಬೇಡವೆಂದಲ್ಲ. ಕದ್ರಿ ಗೋಪಾಲನಾಥರು (1949–2019) ಸ್ಯಾಕ್ಸೋಫೋನನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದರು. ಇಂದು ಕರಾವಳಿಯವರ ಮದುವೆಗಳಲ್ಲಿ ಅದೂ ಮಂಗಳವಾದ್ಯವೇ.

ಸಂಜೆಯ ರಿಸೆಪ್ಶನ್‌ಗೆ ಡಿಜೆ ಇರಲಿ. ಆದರೆ ಸೊಸೈಟಿಯ ಅಂಗಳದಲ್ಲೋ ಟೆರೇಸಿನಲ್ಲೋ ಆದರೆ ಗಡಿಯಾರ ನೋಡಿಕೊಳ್ಳಿ. 2000ದ ಶಬ್ದಮಾಲಿನ್ಯ ನಿಯಮಗಳಂತೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಪಕ್ಕದ ಮನೆಯಲ್ಲಿ ಪರೀಕ್ಷೆಗೆ ಓದುವ ಮಗುವೂ ಇರಬಹುದು.

ಹಣ ಒಂದಕ್ಕೇ ಇದ್ದರೆ? ಕುಣಿಯುವ ಹಾಡು ಮೊಬೈಲಿನಿಂದಲೂ ಬಂದೀತು. ಸಮಯ ನೋಡಿ ಬಾರಿಸುವ ಗಟ್ಟಿಮೇಳ ಬಾರದು. ಮೊದಲ ಮುಂಗಡ ವಾದ್ಯದವರಿಗೇ ಕೊಡಿ.