ಪಟ್ಟಿಯಲ್ಲಿಲ್ಲದ ಜಾಗ

ನಮ್ಮ ಜಿಲ್ಲೆಯನ್ನು ನೋಡಲು ಬರುವವರಿಗೆ ಸಾಮಾನ್ಯವಾಗಿ ಒಂದು ದಿನ ಸಾಕಾಗುತ್ತದೆ. ಬೆಳಿಗ್ಗೆ ಬಾದಾಮಿ, ಹೊತ್ತು ನೆತ್ತಿಗೇರುವಾಗ ಪಟ್ಟದಕಲ್ಲು, ಇಳಿಬಿಸಿಲಿಗೆ ಐಹೊಳೆ, ದೀಪ ಹಚ್ಚುವ ವೇಳೆಗೆ ಕೂಡಲಸಂಗಮ. ರಾತ್ರಿ ಬಸ್ಸಿಗೆ ಮರಳಿ ಅವರವರ ಊರು. ಹೋದ ಬೇಸಿಗೆಯಲ್ಲಿ ನನ್ನ ತಂಗಿಯ ಮಗ ಬೆಂಗಳೂರಿನಿಂದ ಇಂಥದೇ ಒಂದು ಪಟ್ಟಿ ಬರೆದುಕೊಂಡು ಬಂದ. “ಮಾಮಾ, ನೀವೂ ಬರ್ರಿ, ಹೇಳೋರು ಒಬ್ಬರು ಬೇಕು” ಎಂದ. ಹೇಳುವ ಚಟ ನನಗೆ ಮೊದಲಿನಿಂದಲೂ ಇದೆ. ಹೋದೆ. ಅವನ ಪಟ್ಟಿಯಲ್ಲಿಲ್ಲದ ಒಂದು ಜಾಗವನ್ನೂ ಕಡೆಗೆ ತೋರಿಸಿದೆ.

ಬಾಗಲಕೋಟೆ 1997ರಲ್ಲಿ ಹಳೆಯ ಬಿಜಾಪುರ ಜಿಲ್ಲೆಯಿಂದ ಬೇರೆಯಾದದ್ದು. ಕೃಷ್ಣೆ, ಘಟಪ್ರಭೆ, ಮಲಪ್ರಭೆ – ಈ ಮೂರು ಹೊಳೆಗಳು ಸಹ್ಯಾದ್ರಿಯ ಮಳೆಯನ್ನು ಹೊತ್ತು, ಮೋಡಗಳು ಬಹುಮಟ್ಟಿಗೆ ಮರೆತ ಈ ಸೀಮೆಯನ್ನು ಹಾಯುತ್ತವೆ. ಕರಿಯ ನೆಲದಲ್ಲಿ ಬಿಳಿಜೋಳ. ದಕ್ಷಿಣಕ್ಕೆ ಸರಿದಂತೆ ಕೆಂಪು ಮರಳುಗಲ್ಲಿನ ಗುಡ್ಡಗಳು. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಈ ಗುಡ್ಡಗಳ ನಡುವೆ ದಾರಿ ಮಾಡಿಕೊಂಡು ಬರುವಲ್ಲಿಯೇ ಚಾಲುಕ್ಯರು ರಾಜ್ಯ ಕಟ್ಟಿದರು. ಕಲ್ಲು ಕೈಗೆ ಎಟುಕುವಷ್ಟು ಹತ್ತಿರ, ನೀರು ಕಾಲಬುಡದಲ್ಲಿ. ಅರಸರಿಗೆ ಇನ್ನೇನು ಬೇಕು?

ಬಾದಾಮಿಯ ವಿಷಯ ಕೇಳುಗರಿಗೆ ಗೊತ್ತಿರುವುದೇ. ಒಂದನೆಯ ಪುಲಕೇಶಿ 543ರಲ್ಲಿ ಕೋಟೆ ಕಟ್ಟಿಸಿದ್ದನ್ನು ಅಲ್ಲಿಯ ಬಂಡೆಯೇ ಹೇಳುತ್ತದೆ; ಮೂರನೆಯ ಗುಹೆ ಮಂಗಲೇಶ ಮಾಡಿಸಿದ್ದು, 578ರದ್ದು. ನನ್ನ ಅಳಿಯನು ಮೆಟ್ಟಿಲುಗಳನ್ನೂ ಮಂಗಗಳನ್ನೂ ಎಣಿಸುತ್ತ ಒಂದೂವರೆ ಗಂಟೆಯಲ್ಲಿ ಮುಗಿಸಿದ.

ಪಟ್ಟದಕಲ್ಲಿನಲ್ಲಿ ಮಾತ್ರ ನಾನು ಅವನನ್ನು ತಡೆದು ನಿಲ್ಲಿಸಿದೆ. 1987ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಊರು ಅದು. ಎರಡನೆಯ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ಗುಡಿ ಅಲ್ಲಿದೆ. ಕಟ್ಟಿದ ಗುಂಡನೆಂಬ ಶಿಲ್ಪಿಯ ಹೆಸರನ್ನೂ ಶಾಸನ ಮರೆತಿಲ್ಲ. ಆ ಗುಡಿಯ ಮುಂಬಾಗಿಲು ಮೂಡಣಕ್ಕೆ, ಹೊಳೆಯ ಕಡೆಗೆ ತೆರೆಯುತ್ತದೆ. ಮಲಪ್ರಭೆ ಇಲ್ಲಿ ಬಡಗಣಕ್ಕೆ ತಿರುಗಿ ಉತ್ತರವಾಹಿನಿಯಾಗುತ್ತಾಳೆ. ಆ ಪುಣ್ಯಕ್ಕಾಗಿಯೇ ಇಲ್ಲಿ ಪಟ್ಟಾಭಿಷೇಕ ನಡೆಯುತ್ತಿತ್ತೆನ್ನುತ್ತಾರೆ. ಇಂದು ನಾವೆಲ್ಲ ರಸ್ತೆಯ ಕಡೆಯಿಂದ ಬಂದು, ರಸ್ತೆಯ ಕಡೆಗೇ ಹೊರಡುತ್ತೇವೆ. ಹೊಳೆಯ ಬಾಗಿಲಲ್ಲಿ ನಿಂತವರು ನಾವಿಬ್ಬರೇ. ಮೇಲೆ ನವಿಲುತೀರ್ಥದಲ್ಲಿ ಅಣೆಕಟ್ಟು. ಬೇಸಿಗೆಯಾದ್ದರಿಂದ ಬಂಡೆಗಳ ನಡುವೆ ಅಲ್ಲಲ್ಲಿ ಮಡುಗಳಷ್ಟೇ ಇದ್ದವು. “ಇದೇ ಹೊಳೀನಾ?” ಎಂದ ಅಳಿಯ. 2019ರ ಆಗಸ್ಟಿನಲ್ಲಿ ಇದೇ ಹೊಳೆ ಉಕ್ಕಿ ಗುಡಿಗಳ ಅಂಗಳವನ್ನು ಹೊಕ್ಕಿದ್ದನ್ನು ಹೇಳಿದರೆ ಅವನು ನಂಬಲೊಲ್ಲ.

ಐಹೊಳೆಯನ್ನು ನಾನು ಎಲ್ಲಕ್ಕಿಂತ ಹೆಚ್ಚು ಮೆಚ್ಚುತ್ತೇನೆ, ಅದರಲ್ಲಿ ಪಕ್ಷಪಾತವಿದೆ. ಮೇಗುಟಿಯ ಮೇಲೆ 634ರಲ್ಲಿ ತನ್ನನ್ನು ಕಾಳಿದಾಸ-ಭಾರವಿಯರಿಗೆ ಸಮನೆಂದು ಬರೆದುಕೊಂಡ ರವಿಕೀರ್ತಿಯ ಜಂಬವೂ ನನಗೆ ಪ್ರಿಯವೇ. ಅಯ್ಯಾವೊಳೆಯ ಐನೂರ್ವರೆಂಬ ವರ್ತಕರ ಸಂಘ ದಕ್ಷಿಣದ ಉದ್ದಗಲಕ್ಕೂ, ಕಡಲಾಚೆಗೂ ವ್ಯಾಪಾರ ಮಾಡಿದ್ದು ಈ ಊರಿನ ಹೆಸರಿನಲ್ಲಿ. ಆದರೆ ನನಗೆ ಹಿಡಿಸುವುದು ಇಲ್ಲಿಯ ಗುಡಿಗಳ ಹೆಸರು. ದುರ್ಗದ ಗುಡಿಯ ಹೆಸರು ದುರ್ಗಿಯಿಂದ ಬಂದದ್ದಲ್ಲ. ಪಕ್ಕದಲ್ಲಿ ಕೋಟೆಯಿತ್ತು, ದುರ್ಗವಿತ್ತು, ಆ ಹೆಸರು ಬಂತು. ಲಾಡಖಾನ ಗುಡಿಗೆ ಅದರೊಳಗೆ ಬಿಡಾರ ಮಾಡಿದ್ದವನ ಹೆಸರು. ದೇವರು ಹೋದ ಮೇಲೆ ಮನುಷ್ಯರು ಬಂದು ಒಲೆ ಹೂಡಿದರು; ಹೆಸರು ಅವರದೇ ನಿಂತಿತು.

ಗುಡಿಗೆ ಬೆನ್ನು ಕೊಟ್ಟಂತಿದ್ದ ಒಂದು ಮನೆಯಲ್ಲಿ ನೀರು ಕೇಳಿದೆವು. ರೊಟ್ಟಿ ಬಡಿಯುತ್ತಿದ್ದ ಮುದುಕಿ ಕೈ ಒರೆಸಿಕೊಂಡು ತಂಬಿಗೆ ತಂದಳು. ಗುಡಿಗಳು ಚೆನ್ನಾಗಿ ಕಾಣಲೆಂದು ಇಲ್ಲಿಯ ಮನೆಗಳನ್ನು ಬೇರೆಡೆಗೆ ಸಾಗಿಸುವ ಮಾತು ಎಷ್ಟೋ ವರ್ಷಗಳಿಂದ ಏಳುತ್ತಲೂ ಅಡಗುತ್ತಲೂ ಇದೆ. ಕೇಳಿದೆ. “ನಮ್ಮ ಮನೀ ಯಾವ ರಾಜಾ ಕಟ್ಟಿಸ್ಯಾನಂತ ಯಾರೂ ಕೇಳಂಗಿಲ್ಲೋ ಯಪ್ಪಾ” ಎಂದಳು. ಕೋಪದಿಂದಲ್ಲ, ರೊಟ್ಟಿ ಸೀಯುತ್ತದೆಂಬ ಅವಸರದಿಂದ.

ಇದನ್ನು ಹೇಳುವುದಕ್ಕೆ ನನಗೆ ಕಾರಣವಿದೆ. ನಾನು ಹಳೆಯ ಬಾಗಲಕೋಟೆಯವನು. 1964ರ ಮೇ ತಿಂಗಳಲ್ಲಿ ಲಾಲಬಹಾದ್ದೂರ ಶಾಸ್ತ್ರಿಗಳು ಆಲಮಟ್ಟಿಯಲ್ಲಿ ಅಡಿಗಲ್ಲಿಟ್ಟರು. ಹಿನ್ನೀರು ಘಟಪ್ರಭೆಯ ಮೂಲಕ ನಮ್ಮ ಓಣಿಗೆ ಬರಲು ಸುಮಾರು ನಾಲ್ಕು ದಶಕ ಹಿಡಿಯಿತು. ಊರಿನ ಎತ್ತರದ ಭಾಗ ಉಳಿಯಿತು. ತಗ್ಗಿನ ಓಣಿಗಳು ಹೋದವು. ಅಳೆಯಲು ಬಂದವರು ಗೋಡೆಗೆ ಬೆಲೆ ಕಟ್ಟಿದರು, ಬಾವಿಗೆ ಕಟ್ಟಿದರು, ಬೇವಿನ ಮರಕ್ಕೂ ಕಟ್ಟಿದರು. ಬೇವಿನ ಕೆಳಗಿನ ಕಟ್ಟೆಗೆ ಅವರ ಕಾಗದದಲ್ಲಿ ಅಂಕಣವಿರಲಿಲ್ಲ. ಹೋಳಿಯಲ್ಲಿ ಬಣ್ಣದ ಬಂಡಿಗಳು ಬಂದು ನಿಲ್ಲುತ್ತಿದ್ದುದು ಆ ಕಟ್ಟೆಯ ಮುಂದೆ. ನೀರು ಬೇಡವಾಗಿತ್ತೆಂದು ನಾನು ಹೇಳಲಾರೆ. ಬರದ ಸೀಮೆಯಲ್ಲಿ ಹುಟ್ಟಿದವನು ಹಾಗೆ ಹೇಳಿದರೆ ನಾಲಿಗೆ ಒಪ್ಪದು. ರಾಯಚೂರು, ಯಾದಗಿರಿಗಳ ಹೊಲಗಳು ಆ ನೀರಿನಿಂದ ಹಸುರಾಗಿವೆ. ನವನಗರದಲ್ಲಿ ನಮ್ಮ ರಸ್ತೆ ಅಗಲವಾಗಿದೆ, ವಿಳಾಸ ಸೆಕ್ಟರಿನ ಅಂಕಿಯಲ್ಲಿದೆ. ಅಷ್ಟೇ.

ಕೂಡಲಸಂಗಮ ತಲುಪಿದಾಗ ಸಂಜೆ. ಅಲ್ಲಿ ಮಲಪ್ರಭೆ ಕೃಷ್ಣೆಯನ್ನು ಸೇರುತ್ತಾಳೆ. ನಾರಾಯಣಪುರದ ಹಿನ್ನೀರು ಆವರಿಸಿದಾಗ ಬಸವಣ್ಣನವರ ಐಕ್ಯಸ್ಥಳವನ್ನು ಕೀಳಲಿಲ್ಲ. ಸುತ್ತ ಬಾವಿಯಂತೆ ಎತ್ತರದ ಗೋಡೆ ಎಬ್ಬಿಸಿದರು. ಹೊರಗೆ ಹೊಳೆ, ಒಳಗೆ ಮೆಟ್ಟಿಲಿಳಿದು ನಾವು. ಇದ್ದಲ್ಲಿಯೇ ಉಳಿಸಬೇಕೆಂದರೆ ದಾರಿ ಇರುತ್ತದೆಂದು ಅಳಿಯನೇ ಅಂದ. ಊರಿಗೆ ಊರನ್ನೇ ಹಾಗೆ ಬಾವಿಯೊಳಗಿಡಲು ಬರುವುದಿಲ್ಲವೆಂದು ನಾನು ಅಂದೆ. ಸ್ಥಾವರ ಜಂಗಮಗಳ ವಿಚಾರಕ್ಕೆ ಇಬ್ಬರೂ ಕೈ ಹಾಕಲಿಲ್ಲ, ಸ್ಥಳ ಅಂಥದು.

ಅವನು ರಾತ್ರಿ ಬಸ್ಸು ಬಿಟ್ಟು ಉಳಿದ. ಮರುದಿನ ಬೆಳಿಗ್ಗೆ ಹಳೆಯ ಊರಿಗೆ ಕರೆದೊಯ್ದೆ. ನೀರು ಹಿಂದೆ ಸರಿದಿತ್ತು. ಬಿರಿದ ಕೆಸರಿನಲ್ಲಿ ತಳಪಾಯದ ಸಾಲುಗಳು, ಎಲ್ಲಿಗೂ ಏರದ ನಾಲ್ಕು ಮೆಟ್ಟಿಲು. “ಅವ್ವ ಹುಟ್ಟಿದ ಮನೀ ಯಾವುದು ಮಾಮಾ?” ಎಂದ. ಬೆರಳು ಮಾಡಿ ತೋರಿಸಿದೆ. ಅದೇ ಹೌದೋ, ಅದರ ಪಕ್ಕದ್ದೋ, ನನಗೇ ಗುರುತು ಹತ್ತಲಿಲ್ಲ. ಅವನು ಫೋಟೋ ತೆಗೆದು ತಾಯಿಗೆ ಕಳಿಸಿದ. ತಂಗಿ ಕೂಡಲೇ ಫೋನು ಮಾಡಿದಳು: “ಅಣ್ಣಾ, ಅದು ನಮ್ಮ ಮನೀ ಅಲ್ಲ. ಇನ್ನೊಂದೀಟು ಎಡಕ್ಕ ನೋಡು.”