ತೀರಿಸಿದರೆ ಸಾಲದು, ದಾಖಲೆಯೂ ಸರಿಯಿರಬೇಕು



ನನ್ನ ಬಿ.ಇಡ್. ಓದಿಗೆ ಪಡೆದ ಸಾಲವನ್ನು ಕೊನೆಯ ಕಂತಿನವರೆಗೂ ತೀರಿಸಿದ್ದೆ. ತಂದೆಯವರಿಲ್ಲದ ಕಾರಣ ತಂಗಿಯ ನರ್ಸಿಂಗ್ ಓದಿನ ಸಾಲಕ್ಕೆ ನಾನೇ ಸಹಿ ಹಾಕಲು ಹೋದೆ. "ನಿಮ್ಮ ಹೆಸರಿನಲ್ಲಿ ಬಾಕಿ ಇದೆ" ಎಂದರು. ತಲೆ ತಗ್ಗಿಸಿ ಮನೆಗೆ ಬಂದೆ. ತಪ್ಪು ನನ್ನದಾಗಿರಲಿಲ್ಲ, ಹಳೆಯ ಬ್ಯಾಂಕು ಕಳುಹಿಸಿದ್ದ ಮಾಹಿತಿಯದು.

ನಮ್ಮ ಸಾಲದ ವಿವರಗಳನ್ನು ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಎಂಬ ನಾಲ್ಕು ಸಂಸ್ಥೆಗಳು ದಾಖಲಿಸಿಡುತ್ತವೆ. ಪ್ರತಿಯೊಂದರಿಂದಲೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಪಡೆಯಬಹುದು. ಹೆಸರು, ಪಾನ್ ಸಂಖ್ಯೆ, ಬಾಕಿ ಮೊತ್ತ ನೋಡಿ. ತಪ್ಪಿದ್ದರೆ ಆ ಸಂಸ್ಥೆಗೂ ಬ್ಯಾಂಕಿಗೂ ಲಿಖಿತ ದೂರು ಕೊಡಿ. ಬೇಬಾಕಿ ಪತ್ರ ಲಗತ್ತಿಸಿ. 30 ದಿನಗಳೊಳಗೆ ಇತ್ಯರ್ಥವಾಗಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ 2024ರ ಏಪ್ರಿಲ್‌ನಲ್ಲಿ ಜಾರಿಗೆ ಬಂದಿದೆ. ಆಗಲೂ ನ್ಯಾಯ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು.

ನನ್ನ ವರದಿ ಸರಿಯಾಯಿತು. ಆದರೆ ತಂಗಿಯ ಒಂದು ವರ್ಷ ಹೋಯಿತು. ಆದ್ದರಿಂದ ಸಾಲದ ಅರ್ಜಿ ಹಾಕುವ ಮುನ್ನವೇ ವರದಿ ತರಿಸಿ ನೋಡಿ. ಬೇಬಾಕಿ ಪತ್ರವನ್ನು ಅಂಕಪಟ್ಟಿಯಷ್ಟೇ ಜೋಪಾನವಾಗಿಡಿ.